ಎಡಗಿವಿಯ ಮೇಣ

ಬಾರದಿದ್ದರೆ ಆರು ಸೂ ದಂಡ.
ಅದಕ್ಕೇ ಬಂದಿದ್ದೆವು, ತಮ್ಮಾ, ನಿನ್ನ ಪ್ರವಚನಕ್ಕೆ,
ಜಿರೋನಾದ ಈ ಇಕ್ಕಟ್ಟು ಓಣಿಯ ನಮ್ಮದೇ ಮಂದಿರಕ್ಕೆ.
ಬಾಗಿಲಲ್ಲಿ ಅರಸನ ಕಡೆಯ ಅಮೀನ
ಕುರಿ ಎಣಿಸಿದಂತೆ ತಲೆ ಎಣಿಸಿದ.
ಬಸುರಿ ದೋಲ್ಸಾಳ ಮುಂದೆ ಮಾತ್ರ ಬೆರಳು ತಡೆಯಿತು:
ಒಂದೋ, ಎರಡೋ?
ಅವನೇ ನಕ್ಕ. ನಾವು ನಗಲಿಲ್ಲ.

ಮೇಲೆ, ಹೆಂಗಸರ ಜಾಲರಿಯ ಹಿಂದೆ,
ನಾನು ಬೆರಳಲ್ಲಿ ಮೇಣ ಮಿದಿಯುತ್ತಿದ್ದೆ.
ಎರ್ಮೆಸೆಂಡಾ ಕೊಟ್ಟದ್ದು. ಹೊಳೆಯಾಚೆಯ ಜೇನಿನವಳು,
ಒಕ್ಕಣ್ಣಿ, ನೆನಪಿದೆಯಾ?
ಅವಳ ಗೂಡಿನ ಮುಕ್ಕಾಲು ಪಾಲು ನಿಮ್ಮ ದೊಡ್ಡ ಇಗರ್ಜಿಗೆ,
ಕಾಲು ಪಾಲು ನಮಗೆ, ಶನಿವಾರ ಮುಗಿಯುವ ಹೊತ್ತಿನ ದೀಪಕ್ಕೆ.
ಉಳಿದ ಚೂರು ನನ್ನ ಎರಡು ಕಿವಿಗೆ.

ಬಿಳಿ ನಿಲುವಂಗಿ, ಅದರ ಮೇಲೊಂದು ಕರಿಯದು.
ವಿದಾಲ್ ಅಲ್ಲ ಈಗ, ಫ್ರಾ ಡಾಲ್ಮಾವ್.
ನಡುನೆತ್ತಿ ಬೋಳಿಸಿದ್ದರು. ಎಷ್ಟು ಸಲ ಹೇನು ಆರಿಸಿದ ನೆತ್ತಿ!
ಅಲ್ಲೊಂದು ಮಚ್ಚೆಯಿತ್ತೆಂದು ನನಗೂ ಗೊತ್ತಿರಲಿಲ್ಲ.

ಬಾಯಿ ಆಡುತ್ತಿತ್ತು. ಕೇಳಿಸುತ್ತಿರಲಿಲ್ಲ. ಆದರೂ ಗೊತ್ತು:
ಈಗ ಆ ಒಂದು ಪದ, ತರುಣಿಯೋ, ಕನ್ಯೆಯೋ;
ಈಗ, ಬಂದುಹೋದನೋ, ಇನ್ನೂ ಬರಬೇಕೋ;
ನಿಮ್ಮ ಮುದುಕರೇ ಬರೆದಿಟ್ಟಿದ್ದಾರಲ್ಲ, ಎನ್ನುವ ತೋರುಬೆರಳು.
ಹೇಗೆ ಗೊತ್ತೆಂದರೆ
ಅಜ್ಜನ ಆ ಹೊಲಿದ ಪುಸ್ತಿಕೆ:
‘ಅವರು ಹೀಗೆಂದರೆ ನೀನು ಹೀಗೆನ್ನು.’
ನಕಲು ಮಾಡಿದ್ದು ನಿನ್ನ ಹತ್ತು ವರ್ಷದ ಕೈ,
ದೀಪ ಹಿಡಿದವಳು ನಾನು.
ಅದರಲ್ಲಿ ಬರೀ ವ್ಯಾಕರಣವಿರಲಿಲ್ಲ, ಬೈಗುಳವೂ ಇತ್ತು.
ಮೂರನ್ನು ಒಂದೆನ್ನುವವರಿಗೆ ಸಾಲ ಕೊಡಬೇಡ ಎಂದು ಓದಿ
ಕದವಿಕ್ಕಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದೆವು ನಾವಿಬ್ಬರೂ.
ಆ ನಗುವನ್ನೂ ಹೇಳಿಬಿಟ್ಟೆಯಾ ಅವರಿಗೆ?

ಕೆಳಗೆ ಶಾಲ್ತಿಯೇಲ್ ರಬ್ಬಿ ಮಂಡಿ ಹಿಡಿದುಕೊಂಡು ಎದ್ದರು.
ಮೂರು ಉತ್ತರಕ್ಕೆ ಅಪ್ಪಣೆ. ನಾಲ್ಕನೆಯದಕ್ಕೆ ಸೆರೆಮನೆ.
ಅವರು ತಡಕುವ ಮೊದಲೇ ನಿನಗೆ ಆ ಉತ್ತರ ಗೊತ್ತು;
ಕೈಯಲ್ಲಿ ಪುಸ್ತಕವೇ ಇಲ್ಲ, ಆದರೂ ಪುಟ ತಿರುವುವವನಂತೆ
ಹೆಬ್ಬೆರಳು ನಾಲಿಗೆಗೆ ಹೋಯಿತು.
ಅಜ್ಜನೂ ಹಾಗೆಯೇ...

ಆಗಲೇ ನಾನು ತಪ್ಪಿದ್ದು.
ಎಡಗಿವಿಯ ಮೇಣ ತೆಗೆದೆ.

‘ಸಮಾಯಿಮ್’ ಎಂದೆ ನೀನು. ಆಕಾಶ.
ಶ ಅಲ್ಲ, ಸ.
ಹೇಸರಗತ್ತೆ ಒದ್ದು ಅಜ್ಜನ ಮುಂದಿನ ಹಲ್ಲು ಮುರಿದಿತ್ತಲ್ಲ,
ಆ ಸಂದಿಯಿಂದ ನುಸುಳಿ ಬರುತ್ತಿದ್ದ ಸಕಾರ.
ಹಲಗೆಯ ಮೇಲೆ ಅಕ್ಷರ ಬರೆದು, ಜೇನು ಸವರಿ,
‘ನೆಕ್ಕು ಮಗಾ’ ಎಂದಿದ್ದ.
ಆ ಮುರುಕನ್ನೇ ಸರಿಯೆಂದು ನೆಕ್ಕಿಕೊಂಡೆ ನೀನು.
ತುಲೂಸಿನ ಮಠದಲ್ಲಿ ಹನ್ನೊಂದು ವರ್ಷ
ಏನೆಲ್ಲ ತಿದ್ದಿದರು, ಹೆಸರು, ಊಟ, ದೇವರ ಲೆಕ್ಕ.
ಇದೊಂದನ್ನು ತಿದ್ದುವಷ್ಟು
ಅಲ್ಲಿ ಯಾರಿಗೂ ನಮ್ಮ ಭಾಷೆ ಬರುತ್ತಿರಲಿಲ್ಲ.

ಅಜ್ಜನನ್ನು ಖಂಡಿಸುತ್ತಿದ್ದೆ, ಅಜ್ಜನ ಮುರುಕು ಹಲ್ಲಿನಿಂದ.

ನಕ್ಕೆನೋ ಅತ್ತೆನೋ, ಜಾಲರಿ ಹಿಡಿದುಕೊಂಡೆ.
ನೀನು ತಲೆಯೆತ್ತಿದೆ.
ಮತ್ತೆ ಅದೇ ಪದ ಬರಬೇಕಿತ್ತು, ಬರಲಿಲ್ಲ.
ಅಮೀನನ ಪಕ್ಕದ ಗುಮಾಸ್ತ ಮೇಲೆ ನೋಡಿ ಲೇಖನಿ ಅದ್ದಿದ.
ಬರೆದದ್ದು ಇಷ್ಟಂತೆ, ಆಮೇಲೆ ಯಾರೋ ಓದಿದವರು ಹೇಳಿದರು:
‘ಒಬ್ಬ ಹೆಂಗಸಿನ ಮನ ಕರಗಿತು.’

ಕರಗಿದ್ದು ಮೇಣ, ಮುಷ್ಟಿಯ ಬಿಸಿಗೆ.

ಸಂತೆಯ ದಿನ ಎರ್ಮೆಸೆಂಡಾ ಕೇಳಿದಳು,
ಹೇಗಿದ್ದಾನೆ ಹುಡುಗ?
ಸೊರಗಿದ್ದಾನೆ, ಎಂದೆ.
ಒಂದು ತುಂಡು ಜೇನಿನ ಎರಿ ಹೆಚ್ಚಿಗೆ ಹಾಕಿ
ದುಡ್ಡು ಬೇಡವೆಂದಳು.
ಕೊಟ್ಟೇ ಬಂದೆ.