ಸೀಮೆಸುಣ್ಣ ಎರಡು ಕಡಿಮೆ

ಮಂಗಳವಾರ ಹುಟ್ಟಿದ್ದಕ್ಕೆ ಅಂಗರ.
ಮಂಗಳವಾರವೇ ಅವನ ವಾರದ ರಜೆಯೂ.
ಉಳಿದ ಆರು ದಿನ ಫೋರ್ಟಿನ ನಮ್ಮ ಹೋಟೆಲಿನ ಹಿಂದೆ
ಬೂದಿ, ತೆಂಗಿನ ನಾರು, ಸೋರುವ ನಲ್ಲಿ,
ಮುಸುರೆ ತಿಕ್ಕಿ ತಿಕ್ಕಿ
ನೆನೆದ ಅಕ್ಕಿಯಂತೆ ಉಬ್ಬಿದ ಬೆರಳು.

ಅಂಥ ಬೆರಳಿಗೆ ಬಂಡೆ ಒಲಿಯದು ಅಂತ
ಅವನೇ ಹೇಳುತ್ತಿದ್ದ.
ಅದಕ್ಕೇ ಸೋಮವಾರ, ಕನ್ನಡ ರಾತ್ರಿಶಾಲೆಯಲ್ಲಿ
ಕಾಗುಣಿತ ಮುಗಿದು ಮೇಷ್ಟ್ರು ದೀಪ ಆರಿಸುವ ಹೊತ್ತಿಗೆ
ಎರಡು ಸೀಮೆಸುಣ್ಣ ಚಡ್ಡಿಯ ಜೇಬಿಗೆ.

ನಾನು ಗಲ್ಲಾದ ಮೇಲೆ ಕೂರುವವನು,
ಮಾಲಕರ ತಂಗಿಯ ಮಗ. ಹದಿನೇಳು ವರ್ಷ.
ಸಿನೆಮಾಕ್ಕೆ ಅಂತ ಸುಳ್ಳು ಹೇಳಿ ಹೋಗುತ್ತಿದ್ದೆ ಅವನ ಜೊತೆ:
ಬೋರಿಬಂದರಿನಿಂದ ಮೊದಲ ಗಾಡಿ, ಮುಂಬ್ರಾ,
ಹಳಿ ದಾಟಿದರೆ ಗುಡ್ಡ, ಗುಡ್ಡದ ಮೈಗೆ ಕರಿಕಲ್ಲು,
ಬೆನ್ನ ಹಿಂದೆ ಖಾಡಿಯ ಕೆಸರು ವಾಸನೆ.
ಸಸೂನ್ ಡಾಕಿನ ದೋಣಿಯವರು ಎಸೆದ ಹಗ್ಗ
(ಬಂಗಡೆ ನಾರುತ್ತಿತ್ತು)
ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ನನ್ನದಕ್ಕೆ.
"ನಾನು ಬಿದ್ರೆ ನೀವು ಕೂತ್ಕೊಳ್ಳಿ, ಅಷ್ಟೇ."
ಬಂಡೆಯ ಶಾಸ್ತ್ರವೆಲ್ಲ ಅಷ್ಟರಲ್ಲೇ ಮುಗಿಯಿತು.

ಸೀಮೆಸುಣ್ಣ ಕಲ್ಲಿನ ಮೇಲೆ ಕುಟ್ಟಿ
ಅಂಗೈಗೆ ತಿಕ್ಕಿ, ಬರಿಗಾಲಲ್ಲಿ,
ಬಿರುಕಿಗೆ ಮುಷ್ಟಿ ತುರುಕಿ, ತಿರುಚಿ, ಅದಕ್ಕೇ ಮೈ ತೂಗಿ.
ಹಲ್ಲಿ, ಉಡ, ಏನೇನೋ ಹೋಲಿಕೆ ಹುಡುಕಿದೆ ಆಮೇಲೆ.
ಯಾವುದೂ ಅಲ್ಲ.
ನಡುರಾತ್ರಿ ಅಟ್ಟದಿಂದ ಹಂಡೆ ಇಳಿಸುವವನ ಹಾಗೆ,
ಮಲಗಿದವರು ಎದ್ದಾರು ಎಂಬಂತೆ.

ಮೇಲೆ ತಲುಪಿ ಕೂಗಲಿಲ್ಲ. ಬೀಡಿ ಹಚ್ಚಿದ.
ಹೊಗೆ ಕಂಡು ನನಗೆ ತಿಳಿಯಿತು.

ಒಮ್ಮೆ ಮಾತ್ರ ಬಿದ್ದ.
ನಾನು ಕೂರುವುದ ಮರೆತು ಹಗ್ಗ ಹಿಡಿದೆ.
ಈ ಅಂಗೈ ನೋಡಿ, ಆಯುಷ್ಯರೇಖೆಗೆ ಅಡ್ಡ ಇನ್ನೊಂದು ಗೆರೆ.
ಜ್ಯೋತಿಷಿಯೊಬ್ಬ ಇದನ್ನು ವಿದೇಶಯೋಗ ಎಂದಿದ್ದ.

ಮುಂದಿನ ವರ್ಷ ಬೂಟು ಹಾಕಿದವರು ಬಂದರು,
ದಾದರಿನ ಕಡೆಯ ಗಿರಿಸಂಘದವರು.
ಕೆಟ್ಟವರಲ್ಲ. ಫ್ಲಾಸ್ಕಿನಿಂದ ಚಹಾ ಕೊಟ್ಟರು.
ದಾರಿ ತೋರಿಸು ಅಂದರು, ತೋರಿಸಿದ.
ಮೇಲಿಂದ ಹಗ್ಗ ಇಳಿಬಿಟ್ಟು ಒಬ್ಬೊಬ್ಬರನ್ನೇ ಎಳೆದುಕೊಂಡ.
ಅವರ ವಹಿ ಮೊನ್ನೆ ನೋಡಿದೆ, ಗೆದ್ದಲು ತಿಂದು ಉಳಿದದ್ದು:
ನಾಲ್ಕು ಹೆಸರು, ತಾರೀಖು, ಹವಾಮಾನ,
ಕೊನೆಗೆ, "ಆಣಿ ಏಕ್ ಪೋರಗಾ".
ಮತ್ತೆ ಒಬ್ಬ ಹುಡುಗ.
ಆ ಬಿರುಕಿಗೆ ಈಗ
ಸಂಘದ ಅಧ್ಯಕ್ಷರ ನಾಯಿಯ ಹೆಸರು. ಶೇರು.

ಅವರನ್ನು ಬೈಯುವುದು ಸುಲಭ.
ನನ್ನ ಮಾವನ ಹೋಟೆಲಿನಲ್ಲಿ
ಅಡುಗೆಮನೆಯ ಹೊಸ್ತಿಲು ಅರ್ಧ ಅಡಿ.
ಇನ್ನೂರು ಅಡಿ ಕಲ್ಲು ಹತ್ತಿದವನು
ಒಂಬತ್ತು ವರ್ಷ ಅದರ ಆಚೆಯೇ ನಿಂತು
ತೊಳೆದ ಪಾತ್ರೆ ನೆಲದ ಮೇಲಿಡುತ್ತಿದ್ದ.
ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು.
ನಾನು ಚಿಲ್ಲರೆ ಎಣಿಸುತ್ತಿದ್ದೆ.

ರಜೆ ಗುರುವಾರಕ್ಕೆ ಹಾಕಿದರು, ಆಮೇಲೆ ರಜೆಯನ್ನೇ ತೆಗೆದರು.
ಅಂಗರ ಹೋದ.
ಲಾಲಬಾಗಿನ ಮಿಲ್ಲಿನ ಚಿಮಣಿಗೆ
ಬಣ್ಣ ಬಳಿಯುವುದ ಕಂಡೆ ಅಂತ ಯಾರೋ ಅಂದರು,
ಹಗ್ಗವಿಲ್ಲದೆ, ಬಾಯಲ್ಲಿ ಬೀಡಿ.
ನಾನು ಹುಡುಕಲಿಲ್ಲ. ಹೊಸ ಮದುವೆ, ಹೊಸ ಅಂಗಡಿ.

ರಾತ್ರಿಶಾಲೆ ಮುಚ್ಚಿದಾಗ ಟ್ರಂಕು ನನ್ನ ಪಾಲಿಗೆ ಬಂತು.
ಹಾಜರಿ ಪುಸ್ತಕ ಇಲಿ ತಿಂದಿತ್ತು.
ಉಳಿದದ್ದು ಸಾಮಾನಿನ ಲೆಕ್ಕ,
ಮೇಷ್ಟ್ರ ದುಂಡನೆಯ ಅಕ್ಷರ, ಅರವತ್ತೆರಡನೆಯ ಇಸವಿ:

ಡಿಸೆಂಬರ್ ಮೂರು, ಸೋಮವಾರ. ಸೀಮೆಸುಣ್ಣ ಎರಡು ಕಡಿಮೆ.
ಹತ್ತು, ಸೋಮವಾರ. ಎರಡು ಕಡಿಮೆ.
ಹದಿನೇಳು. ಎರಡು.

ಯಾರೆಂದು ಬರೆದಿಲ್ಲ. ಗೊತ್ತಿರಲೇಬೇಕು ಮೇಷ್ಟ್ರಿಗೆ.
ಮಳೆಗಾಲದ ಪುಟಗಳಲ್ಲಿ ಲೆಕ್ಕ ಸರಿಯಾಗಿದೆ,
ಕಲ್ಲು ಒಣಗಿದ ಮೇಲೆ ಮತ್ತೆ ಎರಡು, ಎರಡು.
ಒಂದು ಕಡೆ ಮಾತ್ರ, ಫೆಬ್ರವರಿಯಲ್ಲಿ,
ಮೂರು ಕಡಿಮೆ.

ಆ ವಾರ ನನಗೆ ಜ್ವರ, ನಾನು ಹೋಗಿರಲಿಲ್ಲ.
ಯಾವ ಬಂಡೆಯೋ.