ಬೋರ್ಡಿಲ್ಲದ ಗಾಡಿ

ಎಕೋ ಕೋಣೆಯಲ್ಲಿ ಯಾವಾಗಲೂ ಸಂಜೆ.
ಎಡಮಗ್ಗುಲಾಗಿ ಮಲಗಿದ್ದಾರೆ ಕಾಳಿಂಗಾಚಾರ್ರು,
ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕಂಟ್ರೋಲರು.
ತಣ್ಣನೆ ಜೆಲ್ಲಿಗೆ ಒಮ್ಮೆ ಹಲ್ಲು ಕಚ್ಚಿದರು.
ಪರದೆಯ ಮೇಲೆ ಅವರ ಹೃದಯದ ಎಡಗೂಡು:
ಬಾಯಿ ತುಂಬ ನೀರಿಟ್ಟುಕೊಂಡು
ನುಂಗಲಾರದ ಮಗುವಿನ ಕೆನ್ನೆ.

"ಎಷ್ಟು?"
"ಇಪ್ಪತ್ತೆಂಟು."
"ನೂರಕ್ಕಾ?"
ನೂರು ಯಾರಿಗೂ ಬರಲ್ಲ, ಅರವತ್ತಾದರೆ ಫಸ್ಟ್‌ಕ್ಲಾಸು, ಅಂದೆ.
"ಹಂಗಾರೆ ಸಪ್ಲಿಮೆಂಟರಿ ಕಟ್ಬೋದು."

ಸಹಿಗೆ ಮೊದಲು ಹನ್ನೊಂದು ಪುಟ ಓದಿ ಹೇಳಬೇಕು.
ಜೀವಕೋಶದೊಳಗೆ ಎನ್‌ಎಡಿ ಅಂತ ಒಂದು ಅಣು.
ಉಂಡ ಅನ್ನದ ಎಲೆಕ್ಟ್ರಾನುಗಳನ್ನು ಹತ್ತಿಸಿಕೊಂಡು
ಒಲೆಯ ಬಾಯಿಗೆ ಇಳಿಸಿ
ಬರಿದಾಗಿ ಮರಳುತ್ತದೆ, ಮತ್ತೆ ಹತ್ತಿಸಿಕೊಳ್ಳಲು.
ಆ ಓಡಾಟದಲ್ಲಿ ಸವೆಯುವುದಿಲ್ಲ.
ಆದರೆ ಸೋತ ಹೃದಯದಲ್ಲಿ ಅವುಗಳ ಎಣಿಕೆಯೇ ಇಳಿದಿರುತ್ತದೆ.

ಗೋಡೆ ನೋಡುತ್ತಲೇ ಅಂದರು:
"ಅಂದ್ರೆ, ಜನ ಅವ್ರೆ. ಗಾಡಿ ಇಲ್ಲ.
ಐದೂವರೆ ಹೊಳೆನರಸೀಪುರ, ಪ್ಲಾಟ್‌ಫಾರಂ ತುಂಬ ಜನ,
ಡಿಪೋದಲ್ಲಿ ಎರಡು ಬ್ರೇಕ್‌ಡೌನು.
ಮೈಕಲ್ಲಿ ನಾ ಎಷ್ಟು ಕೂಗ್ಕೊಂಡ್ರೂ
ಯಾರೂ ಊರು ಸೇರಲ್ಲ ಮೇಡಂ."

ಪ್ರೋಬು ಎತ್ತುವುದನ್ನು ಮರೆತೆ.

ಕ್ಯಾಪ್ಸೂಲಿನಲ್ಲಿರುವುದು ಆ ಅಣುವಿನ ಕಚ್ಚಾ ಸಾಮಾನು,
ಬಿ-ಮೂರು ವಿಟಮಿನ್ನಿನ ದಾಯಾದಿ.
ಇಲ್ಲವೇ ಬರೀ ಹಿಟ್ಟು.
ಯಾವುದೆಂದು ನಿಮಗೂ ಗೊತ್ತಿಲ್ಲ, ನನಗೂ, ಡಾಕ್ಟರಿಗೂ.
ಇಲಿಗಳಿಗೆ ಗುಣ ಕಂಡಿದೆ.
ಮನುಷ್ಯರಿಗೆ, ಅದಕ್ಕೇ ನೀವು.
ಹಳೆಯ ಮಾತ್ರೆ ಒಂದನ್ನೂ ಬಿಡುವಂತಿಲ್ಲ.

"ಬೋರ್ಡಿಲ್ಲದ ಗಾಡಿ ಹತ್ತಿದಂಗೆ" ಎಂದು ನಕ್ಕು
ಸಹಿ ಹಾಕಿದರು. ಕೇಳದೆಯೇ
ಪಕ್ಕದಲ್ಲಿ ಹೊತ್ತು ಬರೆದರು: ೧೧.೨೦.

ಆರು ತಿಂಗಳು. ಅದೇ ಮಗ್ಗುಲು, ಅದೇ ಜೆಲ್ಲು,
ಬನಿಯನ್ನು ಮಾತ್ರ ಹೊಸದು.
ಮೂವತ್ತೊಂದು.

ಮೆಟ್ಟಿಲು ಹತ್ತುವಾಗ ಈಗ ಒಂದೇ ಕಡೆ ನಿಲ್ತೀನಿ, ಅಂದರು.
ನಾನು ಹೇಳಲೇಬೇಕಾಯಿತು:
ಮೂರು ಅನ್ನುವುದು ನನ್ನ ಕೈಯ ಓಲಾಟಕ್ಕೂ ಬರುತ್ತದೆ,
ನೀವು ಉಸಿರು ಹಿಡಿದದ್ದು ಹೆಚ್ಚುಕಮ್ಮಿಯಾದರೂ ಬರುತ್ತದೆ.
ಹಿಟ್ಟಿಗೂ ಬರುತ್ತದೆ.

ಅವರು ಗುಂಡಿ ಹಾಕಿಕೊಳ್ಳುತ್ತಿದ್ದರು, ಕೆಳಗಿನಿಂದ ಮೇಲಕ್ಕೆ.
"ಇರ್ಲಿ, ಬರ್ಕೊಳ್ಳಿ.
ಲೇಟಾಗಿ ಬಂದ ಗಾಡಿನೂ ನಾವು ಬರ್ಕೊಂತಿದ್ವಿ.
ಬರದೇ ಇದ್ದದ್ದನ್ನೂ."

ಬರೆದುಕೊಂಡೆ.
ಬಾಗಿಲು ತೆಗೆದು ಮುಂದಿನ ಹೆಸರು ಕೂಗಿದೆ,
ಇವತ್ತೇಕೋ ಊರನ್ನೂ ಸೇರಿಸಿ,
ಕಾರಿಡಾರಿನ ಕೊನೇ ಬೆಂಚಿಗೂ ಕೇಳುವ ಹಾಗೆ:
ಸಾಕಮ್ಮ, ದುದ್ದ! ದುದ್ದ, ಸಾಕಮ್ಮ!