ಕನ್ನಡಿಯ ಬೆನ್ನಿಗೆ ಮಂಚ

ಈ ಊರಲ್ಲಿ ನೆಟ್ಟಗಿರುವ ಗೋಡೆ ಒಂದೂ ಇಲ್ಲ.
ವಾಲ್ಪರೈಸೊದ ಗುಡ್ಡದ ಮನೆಗಳೆಲ್ಲ
ಕಡಲ ಕಡೆ ಕತ್ತು ಚಾಚಿಯೇ ನಿಂತಿರುತ್ತವೆ,
ಯಾರದೋ ಹಡಗು ಬರಬೇಕಿದೆ ಅನ್ನುವ ಹಾಗೆ.
ರಸಮಟ್ಟ ಇಟ್ಟೆ. ಗುಳ್ಳೆ ಓಡಿಹೋಗಿ ಮೂಲೆ ಸೇರಿತು.
ಮೂರು ಬೆರಳು ಓರೆ, ಅಂದೆ.
"ನಾನೂ ಅಷ್ಟೇ," ಅಂದಳು ರೊಸಾಲ್ಬಾ,
"ನೀನು ಅಳತೆ ತಗೋ, ಎರಾಸ್ಮೊ."

ಇರುವುದೊಂದೇ ಕೋಣೆ. ಹನ್ನೊಂದು ಹೆಜ್ಜೆ ಉದ್ದ, ಏಳು ಅಗಲ.
ಸಂಜೆ ಐದಕ್ಕೆ ಅದು ಕ್ವೆಕಾ ಕಲಿಸುವ ಶಾಲೆ.
ಕರವಸ್ತ್ರ ಬೀಸಿಕೊಂಡು ನಾಲ್ಕು ಜೋಡಿ ಸುತ್ತಬೇಕು,
ಮೊಣಕೈಗೆ ಮೊಣಕೈ ತಾಗಬಾರದು.
ರಾತ್ರಿ ಅವಳು ಮಲಗುವುದೂ ಅಲ್ಲೇ.
ಅದು ಮಾತ್ರ ಯಾರಿಗೂ ತಿಳಿಯಬಾರದು.
ಮಹಡಿ ಮೇಲೆ ಮಲಗುತ್ತೇನೆ ಅಂದುಬಿಟ್ಟಿದ್ದಾಳಂತೆ.
ಮೇಲಿರುವುದು ತಗಡು,
ತಗಡಿನ ಮೇಲೆ ಕಡಲಹಕ್ಕಿಗಳ ಜಗಳ.

ಬಂದರಿನ ಬಳಿ ಗೋದಾಮು ಕೆಡವುತ್ತಿದ್ದರು,
ಒರೆಗಾನ್ ಪೈನಿನ ತೊಲೆ ಸಿಕ್ಕಿತು, ಅಗ್ಗಕ್ಕೆ.
ನಲವತ್ತಮೂರು ಮೊಳೆ ಕಿತ್ತೆ.
ಹತ್ತರಿ ಹೊಡೆದೆ ನೋಡಿ, ಕಪ್ಪು ಸಿಪ್ಪೆಯ ಕೆಳಗೆ
ಜೇನಿನ ಬಣ್ಣ, ಇನ್ನೂ ಹಸಿಯಾದ ಅಂಟಿನ ವಾಸನೆ.
ಎಷ್ಟು ವರ್ಷ ಭಾರ ಹೊತ್ತರೂ
ಒಳಗೆ ಯಾರೂ ಮುಟ್ಟಿರಲಿಲ್ಲ ಅದನ್ನು.

ಎಡಕ್ಕೆ ಗಾಜಿನ ಲೋಟಗಳ ಗೂಡು.
ಬಲಕ್ಕೆ ಲಂಗ ತೂಗುವ ಕಿರಿದಾದ ಕಪಾಟು.
ನಡುವೆ ಆಳೆತ್ತರದ ಕನ್ನಡಿ: ಅದೇ ಮಂಚದ ಬೆನ್ನು.
ಸಂಜೆ ಎಲ್ಲರೂ ಅದರಲ್ಲಿ ತಮ್ಮ ಹೆಜ್ಜೆ ನೋಡಿಕೊಳ್ಳುವುದು,
ರಾತ್ರಿ ಅದು ನೆಲಕ್ಕೆ ಮುಖಮಾಡಿ ಸುಮ್ಮನಿರುವುದು.

ಸ್ಪ್ರಿಂಗು ಬಿಗಿಯಲು ತೂಕ ಬೇಕಿತ್ತು.
ಹಾಸಿಗೆ ಎಷ್ಟು, ಕಂಬಳಿ ಎಷ್ಟು, ಕನ್ನಡಿ ಎಷ್ಟು.
"ಮಲಗುವವಳು?"
ಲೆಕ್ಕಕ್ಕಿಲ್ಲ, ಅಂದೆ. ಮಂಚ ಏಳುವಾಗ ಮೇಲೆ ಯಾರೂ ಇರುವುದಿಲ್ಲವಲ್ಲ.
"ಲೆಕ್ಕಕ್ಕಿಲ್ಲ," ಅಂತ ಮೆಲ್ಲಗೆ ಇನ್ನೊಮ್ಮೆ ಅಂದುಕೊಂಡು
ಚಹಾಕ್ಕೆ ನೀರಿಟ್ಟಳು.

ಚಿಲಕ ಬೇಡವೇ ಬೇಡ ಅಂದಳು, ಕಂಡರೆ ಗುಟ್ಟು ರಟ್ಟು.
ಅಯಸ್ಕಾಂತ ಕೂರಿಸಿದೆ.
ತಪ್ಪು ನನ್ನದೇ. ನೆಲ ನಡುಗುವ ಊರಲ್ಲಿ ಹುಟ್ಟಿದವನು,
ಗೋಡೆಗೆ ಎಂಟು ಬೋಲ್ಟು ಜಡಿದವನು,
ಬಾಗಿಲಿಗೆ ಬಂದಾಗ ಬೆರಳುದ್ದದ ಅಯಸ್ಕಾಂತ ನಂಬಿದೆ.

ಜೂನ್ ತಿಂಗಳು, ಗುರುವಾರ. ನಾನಿರಲಿಲ್ಲ,
ಹೇಳಿದ್ದು ಮುದುಕ ವೆನ್ಸೆಸ್ಲಾವೊ,
ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು.
ಸಣ್ಣ ನಡುಕ. ದೀಪ ತೂಗಿತು, ಲೋಟ ಕಿಣಿಕಿಣಿ ಅಂದವು.
ಇಷ್ಟಕ್ಕೆಲ್ಲ ಇಲ್ಲಿ ಯಾರೂ ಕುಣಿತ ನಿಲ್ಲಿಸುವುದಿಲ್ಲ.
ಆಗ ಕನ್ನಡಿಯಲ್ಲಿ ಎಲ್ಲರೂ ಒಟ್ಟಿಗೆ
ಮುಂದಕ್ಕೆ ವಾಲಿದರಂತೆ.
ಸದ್ದಿಲ್ಲ. ಒಂಟೆ ಮಂಡಿಯೂರುವ ಹಾಗೆ
ಇಳಿಯಿತು ಮಂಚ, ನಿಧಾನ, ನಿಧಾನ.
ಅಷ್ಟು ಹದವಾಗಿ ಬಿಗಿದಿದ್ದೆ ನಾನು, ಹಾಳಾದವನು!

ಸೊಂಟಪಟ್ಟಿ ಬಿಗಿದ ಮುದುಡು ಹೊದಿಕೆ,
ಬಿಸಿನೀರಿನ ಚೀಲ, ಒಂಟಿ ಕಾಲುಚೀಲ.
ಎಂಟು ಜನ, ಎಂಟು ಕರವಸ್ತ್ರ, ಗಾಳಿಯಲ್ಲೇ.
ರೊಸಾಲ್ಬಾ ಹಾಡಿನ ಪೆಟ್ಟಿಗೆ ಆರಿಸಲಿಲ್ಲ,
ಕಾಲುಚೀಲವನ್ನೂ ಎತ್ತಿಕೊಳ್ಳಲಿಲ್ಲ.

ವೆನ್ಸೆಸ್ಲಾವೊ ಮಂಚದ ಸುತ್ತ ಒಂದು ಸುತ್ತು ಬಂದ,
ಅಂಚಿನ ಕೆಳಗೆ ಎರಡು ಬೆರಳು ಕೊಟ್ಟ.
ಎದ್ದಿತು.
"ಎಂಥ ತೂಕ ಕಟ್ಟಿದ್ದಾನೆ ನೋಡಿ!" ಅಂದ,
ಇಳಿಸಿದ, ಮತ್ತೆ ಎತ್ತಿದ, ಮತ್ತೆ ಇಳಿಸಿದ.
ಕೈತುಂಬ ಕೆಲಸವಿದ್ದ ಕಾಲ ನೆನಪಾಗಿರಬೇಕು.

ಮರುದಿನ ಹಿತ್ತಾಳೆಯ ಚಿಲಕ ಹಾಕಿಕೊಟ್ಟೆ, ದುಡ್ಡು ಕೇಳಲಿಲ್ಲ.
ಈಗ ಐದಕ್ಕೆ ಮೊದಲು ಬಂದವರು ಮಂಚ ಎತ್ತುತ್ತಾರೆ.
ಮುದುಕ ನಾಲ್ಕೂವರೆಗೇ ಬಂದಿರುತ್ತಾನೆ.
ಅವಳು ಮಾತ್ರ
ದಿನಾ ಹೊದಿಕೆಗೆ ಇಸ್ತ್ರಿ ಹಾಕುತ್ತಾಳಂತೆ.
ಅದೊಂದು ನನಗೆ ಬೇಜಾರು.